ಭೈರವಿ ಅಂದ ಕೂಡಲೇ ಎದ್ದು ಹೋಗುವವರಿಗೆ

ನಿನ್ನೆ ರಾತ್ರಿ ಧಾರವಾಡದಲ್ಲಿ ಗಾಯನ ಕೇಳಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಹಾಡಿದವರ ಮೇಲಲ್ಲ. ಅವರು ಒಂದೂಕಾಲು ತಾಸು ಬಿಹಾಗ್ ರಾಗದಲ್ಲಿ ಖ್ಯಾಲ್ (ರಾಗವನ್ನು ವಿಸ್ತಾರವಾಗಿ ಬೆಳೆಸುವ ಗಾಯನ) ಹಾಡಿದರು, ಮನಸ್ಸು ತುಂಬಿತ್ತು. ಆಮೇಲೆ ಸ್ವರಮಂಡಲವನ್ನು ಮತ್ತೆ ಶ್ರುತಿಗೆ ತಂದುಕೊಂಡು, "ಈಗ ಭೈರವಿಯಲ್ಲಿ ಒಂದು ಠುಮ್ರಿ" ಅಂದರು. ಭೈರವಿ ಅಂದರೆ ಸಾಮಾನ್ಯವಾಗಿ ಕಛೇರಿ ಮುಗಿಸುವಾಗ ಹಾಡುವ ರಾಗ, ಠುಮ್ರಿ ಅಂದರೆ ಮಾತಿನ ಭಾವ ಹಿಡಿದು ಹಾಡುವ ಹಾಡು. ಅವರು ಹಾಗೆ ಅಂದಿದ್ದೇ ತಡ, ಸಾಲು ಸಾಲು ಕುರ್ಚಿ ಸರಿದವು. ಚಪ್ಪಲಿ ಹುಡುಕುವವರು, ಗಾಡಿ ಕೀಲಿ ತೆಗೆಯುವವರು, "ಊಟಕ್ಕ ಎಲ್ಲಿ ಹೋಗೂಣು" ಅನ್ನುವವರು.

ವೇದಿಕೆ ಮೇಲಿದ್ದವರು ಕಣ್ಣು ಮುಚ್ಚಿ ಹಾಡುತ್ತಿದ್ದರು. "ಕಾಹೇ" ಅನ್ನೋ ಒಂದೇ ಮಾತು. ಯಾಕೆ ಅಂತ. ಮೊದಲ ಸಲ ಅದು ಜಗಳಕ್ಕೆ ನಿಂತ ಹಾಗಿತ್ತು. ಎರಡನೇ ಸಲ ಕೋಮಲ ಗಾಂಧಾರ ಸ್ವರದಲ್ಲಿ ನಿಂತಾಗ ಮುನಿಸಿಕೊಂಡ ಮಗುವಿನ ಹಾಗೆ. ಮೂರನೇ ಸಲ ಕೋಮಲ ರಿಷಭ ಮುಟ್ಟಿ ಷಡ್ಜಕ್ಕೆ ಇಳಿದಾಗ, ಉತ್ತರ ಬರೋದಿಲ್ಲ ಅಂತ ಗೊತ್ತಾದ ಹೆಂಗಸಿನ ದನಿ. ಮಾತು ಅದೇ, ಅರ್ಥ ಮೂರು. ಇದಕ್ಕೇ ಬೋಲ್ ಬನಾವ್ ಅನ್ನುತ್ತಾರೆ. ದೀಪಚಂದಿ ತಾಳದ 14 ಮಾತ್ರೆ ನಿಧಾನಕ್ಕೆ ತೂಗುತ್ತಿತ್ತು. ಇನ್ನೇನು ತಬಲಾದವರು ಕೆಹರವಾ ತಾಳಕ್ಕೆ ತಿರುಗಿ ಲಗ್ಗಿ (ಠುಮ್ರಿಯ ಕೊನೆಗೆ ಬರುವ ಚುರುಕು ತಬಲಾ ನುಡಿಸಾಣಿಕೆ) ಶುರು ಮಾಡಬೇಕು, ಸಂಘಟಕರೊಬ್ಬರು ವೇದಿಕೆ ಪಕ್ಕ ನಿಂತು ಕೈಗಡಿಯಾರ ತೋರಿಸಿದರು. ಹಾಡುತ್ತಿದ್ದವರು ನೋಡಿದರು. ಮುಗಿಸಿಬಿಟ್ಟರು. ಒಟ್ಟು 9 ನಿಮಿಷ. ಅದರ ಬೆನ್ನಿಗೆ ಬಂದ ವಂದನಾರ್ಪಣೆ 15 ನಿಮಿಷ!

"ಹೊತ್ತಾಗಿತ್ತಲ್ರೀ, ವಯಸ್ಸಾದವರು ಮನಿ ಮುಟ್ಟಬೇಕಲ್ಲ" ಅಂದರು ಹೊರಗೆ ಸಿಕ್ಕ ಗೆಳೆಯರು. ನಾನು ಒಪ್ಪಲ್ಲ. 6ಕ್ಕೆ ಅಂತ ಹೇಳಿ 7ಕ್ಕೆ ಶುರು ಮಾಡಿದ್ದು ಯಾರು? ಶಾಲು, ಹಾರ, ಭಾಷಣಕ್ಕೆ 40 ನಿಮಿಷ ಕೊಟ್ಟಿದ್ದು ಯಾರು? ಆಗ ಯಾರಿಗೂ ಹೊತ್ತಾಗಲಿಲ್ಲ. ಇನ್ನೊಬ್ಬರು, "ಖ್ಯಾಲ್ ಆತಲ್ಲ, ಇನ್ನ ಇದು ಲೈಟ್" ಅಂದರು. ನನಗೆ ಜಾಸ್ತಿ ಚುಚ್ಚಿದ್ದು ಈ ಮಾತು.

ಭೀಮಸೇನ ಜೋಶಿಯವರ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? 1933ರಲ್ಲಿ, 11ನೇ ವಯಸ್ಸಿಗೆ, ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೋದರು. ಆ ಹುಚ್ಚು ಹಿಡಿಸಿದ್ದು ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ತಟ್ಟೆ. ಅದರಲ್ಲಿ ಇದ್ದದ್ದು ಝಿಂಝೋಟಿ ರಾಗದ ಒಂದು ಠುಮ್ರಿ. ಅದು ಹಗುರವಾಗಿದ್ದರೆ ಒಬ್ಬ ಹುಡುಗನನ್ನು ಮನೆ ಬಿಡಿಸುತ್ತಿತ್ತಾ?

ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ ಮೊದಮೊದಲು ಠುಮ್ರಿ ಹಾಡುತ್ತಿದ್ದರು. ಆಮೇಲೆ ಬಿಟ್ಟು ಖ್ಯಾಲಿಗೇ ನಿಂತರು. ಲಖನೌ, ಬನಾರಸಿನಲ್ಲಿ ಠುಮ್ರಿಯನ್ನು ಸಾಕಿ ಬೆಳೆಸಿದವರು ತವಾಯಿಫರು, ಅಂದರೆ ಹಾಡು, ಕುಣಿತವೇ ಕಸುಬಾಗಿದ್ದ ಹೆಂಗಸರು. ಅವರನ್ನು ಕೀಳಾಗಿ ಕಂಡ ಜನ ಅವರ ಹಾಡನ್ನೂ ಕೀಳಾಗಿ ಕಂಡರು. ಆ ಕಣ್ಣು ಇನ್ನೂ ಹೋಗಿಲ್ಲ. ನಿನ್ನೆ ಕುರ್ಚಿ ಸರಿದ ಸದ್ದಿನಲ್ಲಿ ನನಗೆ ಅದೇ ಕೇಳಿಸಿತು.

"ಭಾಷೆ ತಿಳಿಯಲ್ಲ" ಅಂತೀರಾ? ಖ್ಯಾಲಿನ ಬ್ರಜ್ ಭಾಷೆ ಮಾತ್ರ ಎಷ್ಟು ಜನಕ್ಕೆ ತಿಳಿಯುತ್ತೆ? ನಮ್ಮ ಅವ್ವನಿಗೆ ಹಿಂದಿ ಬರುತ್ತಿರಲಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ಠುಮ್ರಿ ಬಂದರೆ ರೊಟ್ಟಿ ಬಡಿಯೋದು ನಿಲ್ಲಿಸಿ, "ಪಾಪ, ಆಕಿ ಯಾರನ್ನೋ ಕಾಯಾಕ ಹತ್ಯಾಳ" ಅನ್ನುತ್ತಿದ್ದಳು. ನಾನು ಆಗಷ್ಟೇ ಖ್ಯಾಲ್ ಕೇಳೋಕೆ ಶುರು ಮಾಡಿದ್ದೆ. ಅದೊಂದೇ ಸಂಗೀತ ಅಂದುಕೊಂಡಿದ್ದೆ. ಹೋಗಿ ರೇಡಿಯೋ ಸಣ್ಣ ಮಾಡುತ್ತಿದ್ದೆ. ಅವ್ವ ಏನೂ ಅನ್ನದೆ ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ನಿನ್ನೆ ಆ ಮೂರನೇ "ಕಾಹೇ"ಗೆ ಅವ್ವ ನೆನಪಾದಳು. ಆ ಅಪರಾಧ ನನ್ನದೂ ಹೌದು, ಅದಕ್ಕೇ ಇಷ್ಟು ಸಿಟ್ಟು.

ಸಂಘಟಕರಿಗೆ ಒಂದೇ ಕೇಳಿಕೆ. ಒಂದು ಸಂಜೆ ಪೂರ್ತಿ ಠುಮ್ರಿಗೆ, ಅದೇ ಬಳಗದ ದಾದ್ರಾ, ಕಜರಿ, ಚೈತಿ ಹಾಡುಗಳಿಗೆ ಕೊಡಿ. ಹಾರ ಬೇಡ, ಭಾಷಣ ಬೇಡ. ಸಭಾಗೃಹ ಸಿಗದಿದ್ದರೆ ನಮ್ಮ ಪಡಸಾಲೆ ಇದೆ. ಜಮಖಾನ ಹಾಸಿದರೆ 30 ಜನ ಆರಾಮ ಕೂರಬಹುದು. ಚಹಾ, ಚುರಮುರಿ ನಮ್ಮದು. ಬರುವವರು ಇನ್‌ಬಾಕ್ಸಿನಲ್ಲಿ ತಿಳಿಸಿ. ಲಗ್ಗಿ ಮುಗಿಯೋ ತನಕ ಯಾರೂ ಏಳಬಾರದು, ಅಷ್ಟೇ.