ಕಂಬದ ಮರೆಯ ಜೂಮ್ ಲೆನ್ಸ್

ಈಗಷ್ಟೇ ಮನೆಗೆ ಬಂದೆ. ಕ್ಯಾಮೆರಾ ಇನ್ನೂ ಹೆಗಲಲ್ಲೇ ಇದೆ. ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ.

ಬೇಸಿಗೆಯ ಸಂಜೆಗೆ ನಾನು ಹೇಗೆ ಕಾಯುತ್ತೇನೆ ಅಂತ ನಿಮಗೆಲ್ಲ ಗೊತ್ತು. ದಿನವಿಡೀ ಬಿಸಿಲಿಗೆ ಹೆದರಿ ಒಳಗೆ ಕೂತಿದ್ದ ಊರು ಹೊತ್ತಿಳಿಯುತ್ತಿದ್ದಂತೆ ಒಟ್ಟಿಗೇ ಬೀದಿಗೆ ಬರುತ್ತದೆ. ಸೂರ್ಯ ಮುಳುಗುವ ಮುಂಚಿನ ಆ ಒಂದು ಗಂಟೆ ಬೆಳಕು ಅಡ್ಡಡ್ಡ ಬೀಳುತ್ತದೆ, ನೆರಳುಗಳು ಆಳಿಗಿಂತ ಉದ್ದ. ಇವತ್ತು ಕಾರಂಜಿಯ ಸುತ್ತ ಮಕ್ಕಳು ನೀರಿಗೆ ಮೈಯೊಡ್ಡಿ ಕೂಗಾಡುತ್ತಿದ್ದರು. ಎದುರು ಬೆಳಕಲ್ಲಿ ಒಂದೊಂದು ಹನಿಯೂ ಕಿಡಿಯ ಹಾಗೆ. ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕೆ ಏರಿಸಿ ಅವರ ಅಮ್ಮಂದಿರ ಪಕ್ಕದಲ್ಲೇ ನಿಂತು ತೆಗೆದೆ. ಒದ್ದೆಯಾದೆ. ಬಹಳ ದಿನಗಳ ಮೇಲೆ ಅಷ್ಟು ಸಂತೋಷವಾಗಿತ್ತು.

ಅಲ್ಲೇ ಒಂದು ಬೆಂಚಿನ ಮೇಲೆ ಕೆಲಸ ಮುಗಿಸಿ ಬಂದವರೊಬ್ಬರು ಚಪ್ಪಲಿ ಕಳಚಿಟ್ಟು ನಿದ್ದೆ ಹೋಗಿದ್ದರು. ರಸ್ತೆಯ ಆಚೆ, ಕಂಬದ ಮರೆಯಲ್ಲಿ, ದೂರದ್ದನ್ನು ಹತ್ತಿರ ತರುವ 70-200 ಎಂಎಂ ಜೂಮ್ ಲೆನ್ಸ್ ಹಿಡಿದ ಒಬ್ಬ ಯುವಕ ಅವರ ಬಾಯಿ ತೆರೆದ ಮುಖವನ್ನು ಒಂದೇ ಸಮನೆ ತೆಗೆಯುತ್ತಿದ್ದ. ಅವರಿಗೆ ಎಚ್ಚರವಾಯಿತು. ತನ್ನ ಕಡೆಗೇ ತಿರುಗಿದ್ದ ಲೆನ್ಸ್ ಕಂಡು ಗಾಬರಿಯಿಂದ ಬಾಯಿ ಒರೆಸಿಕೊಂಡು ಕಾಲಲ್ಲಿ ಚಪ್ಪಲಿ ಹುಡುಕಿದರು. ಆತ ಅದನ್ನೂ ತೆಗೆದ. ಆಮೇಲೆ ಹಿಂದಿನ ಕಟ್ಟಡವನ್ನೇ ತೆಗೆಯುತ್ತಿದ್ದವನ ಹಾಗೆ ಕ್ಯಾಮೆರಾ ಮೇಲೆತ್ತಿ ಹೊರಟುಹೋದ.

ಇದನ್ನು ಬೀದಿ ಛಾಯಾಗ್ರಹಣ ಅಂತ ಒಪ್ಪಲು ನನ್ನಿಂದ ಆಗುವುದಿಲ್ಲ. ಬೀದಿಯಲ್ಲಿ ತೆಗೆಯುವವನು ಬೀದಿಯಲ್ಲಿರಬೇಕು, ತನ್ನ ಮುಖ ತೋರಿಸಬೇಕು.

'ಕೇಳಿ ತೆಗೆದರೆ ಸಹಜತೆ ಹೋಗುತ್ತೆ' ಅಂತ ನಿಮ್ಮಲ್ಲಿ ಕೆಲವರು ಬರೆಯುತ್ತೀರಿ. ಕೇಳಿ ಅಂತ ನಾನೆಲ್ಲಿ ಹೇಳಿದೆ? ಕಾಣಿಸಿಕೊಳ್ಳಿ ಅಂದೆ. ಅಗಲ ನೋಟದ 35 ಎಂಎಂ ಲೆನ್ಸ್ ಹಾಕಿ, ಬೆಳಕು ಒಳಬರುವ ಕಿಂಡಿಯನ್ನು (ಅಪರ್ಚರ್) ಎಫ್/8ಕ್ಕೆ ಕಿರಿದಾಗಿಸಿ, ಫೋಕಸ್ಸನ್ನು 2.5 ಮೀಟರ್‌ಗೆ ನಿಲ್ಲಿಸಿ. ಫುಲ್ ಫ್ರೇಮ್ (ಹಳೆಯ ಫಿಲ್ಮ್ ರೋಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಸುಮಾರು 1.7ರಿಂದ 5 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ, ಫೋಕಸ್ ಮಾಡುತ್ತ ನಿಲ್ಲುವ ಗೋಜೇ ಇಲ್ಲ. ಹತ್ತು ನಿಮಿಷ ಅದೇ ಜಾಗದಲ್ಲಿ ನಿಂತಿರಿ, ಜನ ನಿಮ್ಮನ್ನು ಮರೆಯುತ್ತಾರೆ. ಅಮೆರಿಕದ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ಇನ್ನೂ ಅಗಲ ನೋಟದ 28 ಎಂಎಂ ಹಿಡಿದು ಜನಸಂದಣಿಯ ನಡುವೆಯೇ ನಡೆಯುತ್ತಿದ್ದರು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸ್ಸನ್ ಹೆಚ್ಚಾಗಿ ಬಳಸಿದ್ದು 50 ಎಂಎಂ, ಅದೂ ಜೂಮ್ ಅಲ್ಲ. ಅವರ ಚಿತ್ರಗಳಲ್ಲಿ ಸಹಜತೆಗೆ ಯಾವ ಕೊರತೆ ಇದೆ?

ಗುಟ್ಟಾಗಿ ತೆಗೆಯುವುದನ್ನು ಸಮರ್ಥಿಸಲು ಅಮೆರಿಕದ ಛಾಯಾಗ್ರಾಹಕ ವಾಕರ್ ಎವಾನ್ಸ್ ಹೆಸರನ್ನೂ ತರುತ್ತೀರಿ, ಗೊತ್ತು. 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಅಡಗಿಸಿಟ್ಟುಕೊಂಡು ತೆಗೆದವರು. ನಿಜ. ಆದರೆ ಅವರು ಆ ಜನರ ಎದುರಿನ ಸೀಟಿನಲ್ಲೇ ಕೂತಿದ್ದರು, ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ. ಇವತ್ತಿನ ಹುಡುಗನ ಚಿತ್ರ ರಾತ್ರಿ ಊಟದ ಹೊತ್ತಿಗೆ ಸಾವಿರ ಮೊಬೈಲ್‌ಗಳಲ್ಲಿರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನನಗೆ ಇಷ್ಟೊಂದು ಸಿಟ್ಟು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದಲ್ಲಿ ಅಳುತ್ತಿದ್ದ ಹೆಂಗಸಿನ ನನ್ನ ಹಳೆಯ ಕಪ್ಪು-ಬಿಳುಪು ಚಿತ್ರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನೀವೇ ಹೊಗಳಿದ್ದಿರಿ. ಅದನ್ನು ನಾನು ರಸ್ತೆಯ ಈಚೆಯಿಂದ, ಜೂಮ್ ಲೆನ್ಸಿನಲ್ಲಿ, ಗೋಡೆಗೆ ಒರಗಿ ತೆಗೆದಿದ್ದೆ. ಆಕೆ ಯಾಕೆ ಅಳುತ್ತಿದ್ದಳೋ ಇವತ್ತಿಗೂ ಗೊತ್ತಿಲ್ಲ. ಆಚೆ ದಾಟಿ ಹೋಗಿ 'ಏನಾಯ್ತಮ್ಮ' ಅಂತ ಕೇಳಲೂ ಇಲ್ಲ. ಆ ಚಿತ್ರ ಅಳಿಸಿದ್ದು, ಆ ಲೆನ್ಸ್ ಮಾರಿದ್ದು ಅದಕ್ಕೇ.

ಇವತ್ತು ಹತ್ತಿರ ಹೋದೆ. ಬೆಂಚಿನ ತುದಿಯಲ್ಲಿ ಕೂತೆ. ನನ್ನ ಹೆಗಲಲ್ಲೂ ಕ್ಯಾಮೆರಾ ಕಂಡು ಅವರು ಸ್ವಲ್ಪ ಸರಿದರು. ನಾನು ಅವರ ಫೋಟೋ ತೆಗೆಯಲಿಲ್ಲ. ದೀಪಗಳು ಹತ್ತಿಕೊಂಡವು, ಮಕ್ಕಳು ಇನ್ನೂ ಆಡುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಅವರೇ ಕೇಳಿದರು:

"ಆ ಹುಡುಗ ತೆಗೆದದ್ದರಲ್ಲಿ ನಾನು ಹೇಗೆ ಬಂದಿದ್ದೀನಿ ಸಾರ್?"