ಬೆಳಕು ಪೂರಕವಾಗಿತ್ತು

ನಮ್ಮೂರಿಗೆ ನಾಟಕದ ತಂಡ ಬಂದರೆ ಮೂರು ಜನಕ್ಕೆ ಕೆಲಸ. ಶಾಮಿಯಾನದವನಿಗೆ, ಟೀ ಅಂಗಡಿಯವನಿಗೆ, ನನಗೆ. ಶಾಮಿಯಾನದವನು ಕುರ್ಚಿ ಇಳಿಸುತ್ತಾನೆ. ಟೀ ಅಂಗಡಿಯವನು ಎರಡು ಲೀಟರ್ ಹಾಲು ಜಾಸ್ತಿ ತರಿಸುತ್ತಾನೆ. ನಾನು ‘ಪ್ರೇಕ್ಷಕರ ಮನಸೂರೆಗೊಂಡಿತು’ ಎಂದು ಬರೆಯುತ್ತೇನೆ. 22 ವರ್ಷದಿಂದ ಬರೆಯುತ್ತಿದ್ದೇನೆ. ನಮ್ಮೂರಿನವರ ಮನಸ್ಸು ಇಷ್ಟು ವರ್ಷದಲ್ಲಿ ಎಷ್ಟು ಸಲ ಸೂರೆಯಾಗಿದೆ ಎಂದರೆ, ಇನ್ನು ಅಲ್ಲಿ ಕದಿಯಲು ಏನೂ ಉಳಿದಿರಲಿಕ್ಕಿಲ್ಲ.

ನಾಟಕ ಏಳಕ್ಕೆ ಎಂದು ಕರಪತ್ರದಲ್ಲಿ ಇರುತ್ತದೆ. ಏಳಕ್ಕೆ ಶುರುವಾಗುವುದು ಸಭೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು. ದೀಪ ಹತ್ತುವುದಿಲ್ಲ. ಒಬ್ಬರು ಕರ್ಪೂರಕ್ಕೆ ಓಡುತ್ತಾರೆ. ಮುಖ್ಯ ಅತಿಥಿಗಳು ಮೊಬೈಲಿನ ಹಾವಳಿಯಿಂದ ರಂಗಭೂಮಿ ಸೊರಗುತ್ತಿದೆ ಎಂದು ನಲವತ್ತು ನಿಮಿಷ ಮರುಗಿ, ಮೊಬೈಲಿನಲ್ಲಿ ಮಾತಾಡುತ್ತಾ ಕಾರು ಹತ್ತುತ್ತಾರೆ. ಅವರ ಹಿಂದೆಯೇ ಮುಂದಿನ ಎರಡು ಸಾಲು ಎದ್ದು ಹೋಗುತ್ತದೆ. ಪರದೆಯ ಆಚೆ ರಾಜ, ಮಂತ್ರಿ, ವಿದೂಷಕ ಎಲ್ಲರೂ ಬಣ್ಣ ಹಚ್ಚಿಕೊಂಡು ಬೆವರುತ್ತಾ ಕೂತಿರುತ್ತಾರೆ. ನಾಟಕ ಶುರುವಾಗುವಾಗ ಎಂಟೂಕಾಲು. ಪತ್ರಿಕೆಯ ಪುಟ ಮುಗಿಯುವುದು ಒಂಬತ್ತಕ್ಕೆ. ಹಾಗಾಗಿ ನಾನು ವಿಮರ್ಶೆಯನ್ನು ಸಂಜೆ ಐದಕ್ಕೇ ಕಳಿಸಿಬಿಡುತ್ತೇನೆ. ಇದನ್ನು ಮೋಸ ಅನ್ನಬೇಡಿ. ಹವಾಮಾನ ಇಲಾಖೆಯವರೂ ಮಳೆ ಬರುವ ಮುಂಚೆಯೇ ಹೇಳುತ್ತಾರೆ, ಅಲ್ವಾ?

ಬೇಕಾದ್ದೆಲ್ಲ ಕರಪತ್ರದಲ್ಲೇ ಇರುತ್ತದೆ. ಕಥೆ ಇದೆ, ನಿರ್ದೇಶಕರ ಮಾತು ಇದೆ, ಯಾರು ಯಾವ ಪಾತ್ರ ಎಂಬ ಪಟ್ಟಿ ಇದೆ. ನಾನು ಕ್ರಿಯಾಪದ ಹಾಕಿದರೆ ಸಾಕು. ಮುಖ್ಯ ನಟ ಪಾತ್ರಕ್ಕೆ ‘ಜೀವ ತುಂಬಿದರು’. ಉಳಿದವರು ‘ನ್ಯಾಯ ಒದಗಿಸಿದರು’. ಕೋರ್ಟಿನಲ್ಲಿ ಜಮೀನಿನ ಕೇಸು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬರುತ್ತದೆ. ನನ್ನ ವಿಮರ್ಶೆಯಲ್ಲಿ ಒಂದೇ ಸಂಜೆಗೆ ಹದಿನಾಲ್ಕು ಪಾತ್ರಕ್ಕೆ ನ್ಯಾಯ ಸಿಗುತ್ತದೆ. ದುರ್ಯೋಧನನಿಗೂ ಸಿಕ್ಕಿದೆ, ಕರ್ಣನಿಗೂ ಸಿಕ್ಕಿದೆ. ಈ ಕೆಲಸ ವ್ಯಾಸರಿಂದಲೂ ಆಗಿರಲಿಲ್ಲ.

ನಾಟಕ ಯಾವುದೇ ಇರಲಿ, ‘ಇಂದಿಗೂ ಪ್ರಸ್ತುತ’. ಕಾಳಿದಾಸ ಪ್ರಸ್ತುತ, ಶೇಕ್ಸ್‌ಪಿಯರ್ ಪ್ರಸ್ತುತ, ಹೋದ ವಾರ ಬರೆದ ನಾಟಕ ‘ಇಂದಿಗೂ’ ಪ್ರಸ್ತುತ. ಅಪ್ರಸ್ತುತವಾದ ನಾಟಕವನ್ನು ಕನ್ನಡದಲ್ಲಿ ಈವರೆಗೆ ಯಾರೂ ಆಡಿದ ದಾಖಲೆ ಇಲ್ಲ.

ಬರೀ ಹೊಗಳಿದರೆ ಜನ ಅನುಮಾನ ಪಡುತ್ತಾರೆ. ಅದಕ್ಕೇ ಕೊನೆಯಲ್ಲಿ ಒಂದು ಚಿಟಿಕೆ ಖಾರ. ‘ದ್ವಿತೀಯಾರ್ಧದಲ್ಲಿ ಇನ್ನೂ ಸ್ವಲ್ಪ ಬಿಗಿ ಬೇಕಿತ್ತು. ಹೆಚ್ಚು ಪ್ರಯೋಗ ಕಂಡಂತೆ ನಾಟಕ ಹದಗೊಳ್ಳುತ್ತದೆ.’ ಒಮ್ಮೆ ಇದನ್ನು ಓದಿ ನಿರ್ದೇಶಕರೊಬ್ಬರು ಫೋನ್ ಮಾಡಿದರು. ‘ಸರ್, ನಮ್ಮದು ಎಪ್ಪತ್ತು ನಿಮಿಷದ ನಾಟಕ. ಮಧ್ಯಂತರವೇ ಇಲ್ಲ. ದ್ವಿತೀಯಾರ್ಧ ಯಾವುದು?’ ಎಂದು ಕೇಳಿದರು. ‘ಅದೇ ನೋಡಿ, ಪ್ರೇಕ್ಷಕನಿಗೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ’ ಎಂದೆ. ಅವರು ಪಾಪ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು.

ಈ ಖಾರದ ಗುಣ ಗೊತ್ತಾಗುವುದು ಊರೂರು ಸುತ್ತುವ ತಂಡಗಳಿಗೆ. ಹೆಗ್ಗೋಡಿನ ನೀನಾಸಂನವರು 1985ರಲ್ಲಿ ತಿರುಗಾಟ ಶುರು ಮಾಡಿದರು. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಸುತ್ತುತ್ತಿದೆ. ಇಂಥ ತಂಡಗಳ ದಿನಚರಿ ನಮ್ಮಂಥವರಿಗೆ ಕೇಳಿದರೇ ಸುಸ್ತು. ಬೆಳಿಗ್ಗೆ ಊರಿಗೆ ಬಂದು ಸೆಟ್ಟು, ಲೈಟು, ಬಟ್ಟೆಯ ಟ್ರಂಕು ಎಲ್ಲ ಇಳಿಸಬೇಕು. ಇಳಿಸುವವರೂ ನಟರೇ. ಮಧ್ಯಾಹ್ನ ಏಣಿ ಹತ್ತಿ ದೀಪ ಕಟ್ಟಿದ ಹುಡುಗನೇ ಸಂಜೆ ಕಿರೀಟ ಇಟ್ಟುಕೊಂಡು ಬರುತ್ತಾನೆ. ರಾತ್ರಿ ಕಿರೀಟ ತೆಗೆದು ಮತ್ತೆ ಲೋಡ್ ಮಾಡುತ್ತಾನೆ. ನಮ್ಮೂರಿನ ಪೇಪರು ಬರುವ ಹೊತ್ತಿಗೆ ಅವರು ಮುಂದಿನ ಊರಿನ ಶಾಲೆಯ ಜಗಲಿಯಲ್ಲಿ ಹಲ್ಲುಜ್ಜುತ್ತಿರುತ್ತಾರೆ.

ಹೀಗೆ ತಿರುಗುವ ಒಂದು ತಂಡದ ಗೆಳೆಯ ಪೇಪರ್ ಕಟಿಂಗುಗಳನ್ನೆಲ್ಲ ಫೈಲು ಮಾಡಿ ಇಟ್ಟಿದ್ದ. ಒಂದು ದಿನ ತಂದು ತೋರಿಸಿದ. ಐವತ್ತಕ್ಕೂ ಜಾಸ್ತಿ ಊರಿನ ವಿಮರ್ಶೆಗಳು. ಬರೆದವರು ಬೇರೆ ಬೇರೆ. ನಾನು ಅವರಲ್ಲಿ ಯಾರನ್ನೂ ಭೇಟಿ ಮಾಡಿಲ್ಲ, ದೇವರಾಣೆ. ಆದರೂ ಊರಿನ ಹೆಸರು ತೆಗೆದರೆ ಎಲ್ಲ ಒಂದೇ. ಸಾಗರದಲ್ಲಿ ಬಿಗಿ ಸಾಲದ ದ್ವಿತೀಯಾರ್ಧ ಸಿಂಧನೂರಿಗೆ ಹೋದರೂ ಬಿಗಿಯಾಗಿಲ್ಲ. ಐವತ್ತನೇ ಪ್ರದರ್ಶನದ ಮೇಲೂ ‘ಹೆಚ್ಚು ಪ್ರಯೋಗ ಕಂಡಂತೆ ಹದಗೊಳ್ಳುತ್ತದೆ’ ಎಂದಿದೆ. ಇಷ್ಟು ಹೊತ್ತಿಗೆ ಹಲಸಿನಕಾಯಿಯೂ ಹಣ್ಣಾಗಿ ಕೊಳೆತಿರುತ್ತಿತ್ತು. ನಮ್ಮ ಸಂಪ್ರದಾಯ ಎಷ್ಟು ಗಟ್ಟಿ ನೋಡಿ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಬೆಂಗಳೂರು, ಮೈಸೂರಿನ ವಿಮರ್ಶಕರದ್ದು ಬೇರೆ ದರ್ಜೆ. ಅವರು ನಾಟಕಕ್ಕೆ ಬರುತ್ತಾರೆ. ಬಂದದ್ದು ಎಲ್ಲರಿಗೂ ಕಾಣುವ ಹಾಗೆ ಬರುತ್ತಾರೆ. ಆದರೆ ಬೆಂಗಳೂರಿನ ರಂಗಶಂಕರದಲ್ಲಿ ಒಂದು ಕೆಟ್ಟ ನಿಯಮ ಇದೆ. ನಾಟಕ ಶುರುವಾದ ಮೇಲೆ ಬಾಗಿಲು ತೆಗೆಯುವುದಿಲ್ಲ. ನೀವು ಯಾರೇ ಆಗಿರಿ. 2004ರಲ್ಲಿ ಆ ರಂಗಮಂದಿರ ಶುರುವಾದಾಗಿನಿಂದ ಎಷ್ಟು ಒಳ್ಳೆಯ ವಿಮರ್ಶೆಗಳು ಅದರ ಕೆಫೆಯಲ್ಲೇ ಕೂತು ತಯಾರಾಗಿವೆಯೋ ಯಾರು ಲೆಕ್ಕ ಇಟ್ಟಿದ್ದಾರೆ.

ಮೈಸೂರಿನಲ್ಲಿ ತೊಂದರೆ ಉಲ್ಟಾ. ಅಲ್ಲಿ ಒಳಗೆ ಹೋಗುವುದು ಸುಲಭ, ಎಚ್ಚರ ಇರುವುದು ಕಷ್ಟ. ರಂಗಾಯಣದವರು 2010ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಮಾಡಿದರಲ್ಲ, ಸುಮಾರು ಒಂಬತ್ತು ಗಂಟೆಯ ನಾಟಕ. ಇಡೀ ರಾತ್ರಿ. ಬಯಲಲ್ಲಿ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ಜನ ಕಂಬಳಿ ಹೊದ್ದುಕೊಂಡು, ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆದರು. ನನ್ನ ಪಕ್ಕ ಕೂತಿದ್ದ ಹಿರಿಯ ವಿಮರ್ಶಕರು ಮೊದಲ ರಂಗದಲ್ಲೇ ಕಣ್ಣು ಮುಚ್ಚಿದರು. ತನ್ಮಯರಾಗಿದ್ದಾರೆ ಅಂದುಕೊಂಡು ನಾನು ಎಬ್ಬಿಸಲಿಲ್ಲ. ಬೆಳಗಿನ ಜಾವ ಅವರಿಗೆ ಎಚ್ಚರವಾದಾಗ ಎದುರಿಗೆ ಯಾರೂ ಇಲ್ಲ. ಹಿಂದೆಯೂ ಯಾರೂ ಇಲ್ಲ. ಮುಂದಿನ ವಾರ ಅವರ ಲೇಖನ ಬಂತು. ‘ನಿರ್ಜನ ರಂಗದ ಮೌನವು ಮನುಷ್ಯನ ಒಂಟಿತನಕ್ಕೆ ಹಿಡಿದ ಕನ್ನಡಿ’ ಎಂದು ಶುರು. ‘ಒಂಬತ್ತು ಗಂಟೆ ಹೋದದ್ದೇ ತಿಳಿಯಲಿಲ್ಲ’ ಎಂದು ಕೊನೆ. ನನಗೆ ತಿಳಿದಂತೆ ಆ ವರ್ಷ ಇದಕ್ಕಿಂತ ಪ್ರಾಮಾಣಿಕವಾದ ವಾಕ್ಯ ಯಾವ ವಿಮರ್ಶೆಯಲ್ಲೂ ಬಂದಿಲ್ಲ.

ಇನ್ನು 1972ರ ಬಳಗ. ಆ ವರ್ಷ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ, ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಮೂರು ನಾಟಕ ಮಾಡಿಸಿದ್ದರು. ಕನ್ನಡ ರಂಗಭೂಮಿಯ ದಿಕ್ಕೇ ಬದಲಾಯಿತು, ಅದು ನಿಜ. ಆದರೆ ‘ಅವತ್ತು ನಾನು ಅಲ್ಲಿದ್ದೆ’ ಎನ್ನುವವರನ್ನೆಲ್ಲ ಒಟ್ಟಿಗೆ ಕೂರಿಸಿದರೆ ಕಂಠೀರವ ಸ್ಟೇಡಿಯಂ ಸಾಲುವುದಿಲ್ಲ. ಅವರಲ್ಲಿ ಕೆಲವರು ಆಗ ಮೂರನೇ ಕ್ಲಾಸಿನಲ್ಲಿದ್ದರು. ಈಗಿನ ಯಾವ ನಾಟಕ ನೋಡಿದರೂ ಅವರದ್ದು ಒಂದೇ ವಿಮರ್ಶೆ. ‘ಚೆನ್ನಾಗಿದೆ. ಆದರೆ ಕಾರಂತರು...’ ಎಂದು ನಿಟ್ಟುಸಿರು ಬಿಡುತ್ತಾರೆ. ಎದುರಿಗೆ ನಿಂತ ಹುಡುಗ ಹುಟ್ಟಿದ್ದೇ 2001ರಲ್ಲಿ. ಅವನು ಏನು ಮಾಡಬೇಕು?

ಕಂಪನಿ ನಾಟಕದ ವಿಷಯಕ್ಕೆ ಬಂದರೆ ನಾವೆಲ್ಲ ಒಂದಾಗುತ್ತೇವೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಪ್ರತಿವರ್ಷ ಸಾಲಾಗಿ ಕಂಪನಿಗಳ ಟೆಂಟು ಬೀಳುತ್ತವೆ. ಬನದ ಹುಣ್ಣಿಮೆಯಿಂದ ವಾರಗಟ್ಟಲೆ ಆಟ. ಒಂದು ಆಟ ಬಿಡುವಾಗ ಇನ್ನೊಂದಕ್ಕೆ ಟಿಕೆಟ್ ಕೊಡುತ್ತಿರುತ್ತಾರೆ. ಅಲ್ಲಿಗೆ ವಿಮರ್ಶಕರು ಹೋಗುವುದಿಲ್ಲ, ಧೂಳು ಅಲರ್ಜಿ. ಹೋಗದೆಯೇ ‘ಅಭಿರುಚಿ ಕೆಟ್ಟಿದೆ, ದ್ವಂದ್ವಾರ್ಥದ ಮಾತು’ ಎಂದು ಬರೆಯುತ್ತಾರೆ. ಬರೆಯುವಾಗ ಓದುಗರಿಗೆ ಅನುಮಾನ ಬಾರದಿರಲಿ ಎಂದು ಆ ಮಾತುಗಳನ್ನು ಪೂರ್ತಿಯಾಗಿ, ಒಂದಕ್ಷರ ಬಿಡದೆ ಉದಾಹರಿಸುತ್ತಾರೆ. ನೋಡದ ನಾಟಕದ ಮಾತು ಅಷ್ಟು ಚೆನ್ನಾಗಿ ಬಾಯಿಪಾಠ ಹೇಗಾಯಿತೋ, ಕೇಳಬಾರದು. ನನ್ನ ಲೆಕ್ಕದಲ್ಲಿ ಆ ಜಾತ್ರೆಯಲ್ಲಿ ಮೈಕು ಕಟ್ಟಿಕೊಂಡು ‘ನಕ್ಕು ನಕ್ಕು ಸಾಕಾಗುವ ನಾಟಕ, ಮರೆಯದೆ ನೋಡಿರಿ’ ಎಂದು ಕೂಗುವ ಆಟೋದವನೇ ಮರ್ಯಾದಸ್ಥ. ಅವನು ಟಿಕೆಟ್ ಮಾರಲು ಬಂದಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ.

ಕಂಪನಿ ಮುಚ್ಚಿದ ಮೇಲೆ ಮಾತ್ರ ನಮ್ಮ ಮನಸ್ಸು ಕರಗುತ್ತದೆ. ಆಗ ಅದು ‘ಸುವರ್ಣಯುಗ’. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಬಗ್ಗೆ ನಾನೇ ಮೂರು ಲೇಖನ ಬರೆದಿದ್ದೇನೆ. ಮೂರರಲ್ಲೂ ಆನೆ ಇದೆ. ಕುರುಕ್ಷೇತ್ರ ನಾಟಕದಲ್ಲಿ ವೀರಣ್ಣನವರು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರಲ್ಲ, ಆ ಆನೆ. ಗುಬ್ಬಿ ಎಂದ ಕೂಡಲೇ ಆನೆ ಬರೆಯದ ವಿಮರ್ಶಕ ಇಲ್ಲ. ಆ ಆನೆ ಪಾತ್ರಕ್ಕೆ ನ್ಯಾಯ ಒದಗಿಸಿತೇ ಎಂದು ಮಾತ್ರ ಒಬ್ಬನೂ ಬರೆದಿಲ್ಲ.

ಇರಲಿ. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಕಂಗೆಡಿಸಿದ್ದು ಎರಡೇ ಘಟನೆ.

ಮೊದಲನೆಯದು ಕರೆಂಟಿನದು. ತಾಲ್ಲೂಕು ಮೈದಾನದಲ್ಲಿ ನಾಟಕ. ಅವತ್ತು ನಾನೂ ಹೋಗಿದ್ದೆ, ಮನೆಯಲ್ಲಿ ನೆಂಟರಿದ್ದರು. ಮೂರನೇ ದೃಶ್ಯಕ್ಕೆ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಹಾಕಿರಲಿಲ್ಲ. ನಟರು ನಿಲ್ಲಿಸಲಿಲ್ಲ. ಮುಂದೆ ಕೂತಿದ್ದ ಹುಡುಗರು ಮೊಬೈಲ್ ಟಾರ್ಚ್ ಹಿಡಿದರು. ಆ ಅರೆಬೆಳಕಿನಲ್ಲಿ ತಾಯಿಯ ಪಾತ್ರದ ಹುಡುಗಿ ಮೈಕಿಲ್ಲದೆ ಮಾತಾಡಿದಳು. ಹಿಂದೆ ಕಡಲೆಕಾಯಿ ಮಾರುವವನೂ ಸುಮ್ಮನಾದ. ಮರುದಿನ ಪೇಪರಿನಲ್ಲಿ ನನ್ನ ಐದು ಗಂಟೆಯ ವಿಮರ್ಶೆ ಬಂತು. ‘ಬೆಳಕಿನ ವಿನ್ಯಾಸ ನಾಟಕಕ್ಕೆ ಪೂರಕವಾಗಿತ್ತು.’ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಆ ಲೈಟಿನ ಹುಡುಗ ಸಿಕ್ಕಿದ. ಪೇಪರ್ ಕೈಯಲ್ಲೇ ಇತ್ತು. ‘ಸಾರ್, ಯಾವ ಬೆಳಕು?’ ಎಂದು ಕೇಳಿದ. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಕೇಳಿದ. ನಾನು ನನ್ನ ಬಸ್ಸು ಅಲ್ಲದ ಬಸ್ಸು ಹತ್ತಿಬಿಟ್ಟೆ.

ಎರಡನೆಯದು ಜ್ವರದ್ದು. ಒಂದು ತಂಡ ಐತಿಹಾಸಿಕ ನಾಟಕ ತಂದಿತ್ತು. ಕರಪತ್ರದಲ್ಲಿ ಇದ್ದ ಹೆಸರು ನೋಡಿ ‘ರಾಜನ ಪಾತ್ರದಲ್ಲಿ ಇವರದ್ದು ಪರಕಾಯ ಪ್ರವೇಶ’ ಎಂದು ಬರೆದು ಕಳಿಸಿದೆ. ಮರುದಿನ ಗೊತ್ತಾಯಿತು, ಆ ನಟ 103 ಡಿಗ್ರಿ ಜ್ವರದಲ್ಲಿ ಲಾಡ್ಜಿನಲ್ಲಿ ಮಲಗಿದ್ದ. ರಾಜನಾಗಿ ನಿಂತವನು ಎರಡನೇ ಸೈನಿಕ. ಪರಕಾಯ ಪ್ರವೇಶ ಅಂದರೆ ಇದೇ ಅಲ್ವಾ? ದೇಹ ಲಾಡ್ಜಿನಲ್ಲಿ, ಆತ್ಮ ಸೈನಿಕನ ಮೈಯಲ್ಲಿ. ನನ್ನ ಇಡೀ ವೃತ್ತಿಯಲ್ಲಿ ಅಕ್ಷರಶಃ ಸರಿಯಾದ ಏಕೈಕ ವಿಮರ್ಶೆ ಅದು. ತಪ್ಪೊಪ್ಪಿಗೆ ಹಾಕೋಣವೇ ಎಂದು ಸಂಪಾದಕರನ್ನು ಕೇಳಿದೆ. ‘ಯಾರಾದರೂ ಫೋನ್ ಮಾಡಿದ್ರಾ?’ ಎಂದರು. ಇಲ್ಲ ಎಂದೆ. ‘ಮತ್ತೆ ನಿಮಗೇನ್ರೀ?’ ಎಂದರು.

ಹೋದ ತಿಂಗಳು ಆ ನಟನ ಮೆಸೇಜು ಬಂತು. ಅದೇ ನಾಟಕವನ್ನು ಮತ್ತೆ ಕಟ್ಟಿದ್ದಾರಂತೆ, ನಮ್ಮೂರಿಗೂ ಬರುತ್ತಾರಂತೆ. ‘ಸರ್, ನೀವು ಬರೆದ ಕಟಿಂಗನ್ನು ಅಮ್ಮ ಫ್ರೇಮ್ ಹಾಕಿಸಿ ದೇವರ ಪಟದ ಪಕ್ಕ ಇಟ್ಟಿದ್ದಾರೆ. ಅದು ನಾನಲ್ಲ ಅಂತ ಹೇಳೋಕೆ ಇಷ್ಟು ವರ್ಷ ಆದ್ರೂ ಧೈರ್ಯ ಬಂದಿಲ್ಲ. ಈ ಸಲ ನಾನೇ ಮಾಡ್ತಿದೀನಿ. ದಯವಿಟ್ಟು ನೋಡೋಕೆ ಬರಬೇಡಿ ಸರ್, ಹಾಗೇ ಬರೆದುಬಿಡಿ.’