ಉತಾರವಿಲ್ಲದ ಹೊಗೆ

ಕರಗುವ ನೆಲವನ್ನು ತಣ್ಣಗಿಡುವ ವಿದ್ಯೆಯನ್ನು ಅಲಾಸ್ಕಾದ ತೈಲೋದ್ಯಮ ಬಹಳ ಹಿಂದೆಯೇ ಕರಗತ ಮಾಡಿಕೊಂಡಿದೆ. ಆದರೆ ಅದರ ಪರಿಸರಪ್ರೇಮಕ್ಕೆ ಕೈಮುಗಿಯುವ ಮೊದಲು ಉದ್ದೇಶವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. 1977ರಲ್ಲಿ ಕಚ್ಚಾ ತೈಲ ಹರಿಯತೊಡಗಿದ, ಸುಮಾರು 1,287 ಕಿಲೋಮೀಟರ್ ಉದ್ದದ ಅಲ್ಲಿಯ ಕೊಳವೆಮಾರ್ಗದ ಅರ್ಧಕ್ಕೂ ಹೆಚ್ಚು ಭಾಗ ಕಂಬಗಳ ಮೇಲೆ ನಿಂತಿದೆ. ಪರ್ಮಾಫ್ರಾಸ್ಟ್, ಅಂದರೆ ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ, ಕರಗಿ ಕಂಬಗಳು ಕುಸಿಯಬಾರದೆಂದು ಅವುಗಳೊಳಗೆ ಅಮೋನಿಯದ ನಳಿಕೆಗಳನ್ನು ಇಳಿಸಲಾಗಿದೆ. ಚಳಿಗಾಲದಲ್ಲಿ ನೆಲದ ಕಾವಿಗೆ ಅಮೋನಿಯ ಆವಿಯಾಗಿ ಮೇಲೇರುತ್ತದೆ. ತುದಿಯಲ್ಲಿರುವ ಲೋಹದ ರೆಕ್ಕೆಗಳ ಮೂಲಕ ಆ ಕಾವನ್ನು ಹೊರಗಿನ ಗಾಳಿಗೆ ಒಪ್ಪಿಸಿ, ಮತ್ತೆ ದ್ರವವಾಗಿ ಕೆಳಗಿಳಿಯುತ್ತದೆ. ವಿದ್ಯುತ್ ಬೇಕಿಲ್ಲ, ಬಿಲ್ಲು ಬರುವುದಿಲ್ಲ. ಹೊರಗಿನ ಗಾಳಿ ನೆಲಕ್ಕಿಂತ ತಣ್ಣಗಿದ್ದರೆ ಸಾಕು. ಆ ತಣ್ಣನೆಯ ಗಾಳಿಯನ್ನು ವರ್ಷದಿಂದ ವರ್ಷಕ್ಕೆ ಬಿಸಿ ಮಾಡುವ ಹೊಣೆಯನ್ನು ಮಾತ್ರ ಅದೇ ಕೊಳವೆಯಲ್ಲಿ ಹರಿಯುವ ತೈಲ ಹೊತ್ತುಕೊಂಡಿದೆ. 2023ರ ಮಾರ್ಚ್‌ನಲ್ಲಿ ಒಪ್ಪಿಗೆ ಪಡೆದ, ಸುಮಾರು 60 ಕೋಟಿ ಬ್ಯಾರಲ್ ತೈಲ ಎತ್ತುವ ಅಲಾಸ್ಕಾದ ವಿಲ್ಲೋ ಯೋಜನೆಯಲ್ಲೂ ನೆಲ ತಂಪು ಮಾಡುವ ಇಂಥ ಸಾಧನಗಳಿವೆ. ನಮ್ಮವರೂ ಹಿಂದೆ ಬಿದ್ದಿಲ್ಲವೆನ್ನಿ: ಹುಬ್ಬಳ್ಳಿ-ಧಾರವಾಡ ರಸ್ತೆಯ ಮರಗಳನ್ನು ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಮಾರ್ಗಕ್ಕಾಗಿ ಉರುಳಿಸಿ, ಹೋದ ನೆರಳಿಗೆ ಬದಲಾಗಿ ಹವಾನಿಯಂತ್ರಿತ ಚಿಗರಿ ಬಸ್ಸನ್ನು ಕೊಟ್ಟಿದ್ದಾರೆ.

ಉತ್ತರ ಧ್ರುವದ ಸುತ್ತಲಿನ ಈ ಹೆಪ್ಪುಗಟ್ಟಿದ ನೆಲದಲ್ಲಿ ಇಡೀ ವಾತಾವರಣದಲ್ಲಿರುವುದರ ಸುಮಾರು ಇಮ್ಮಡಿ ಇಂಗಾಲ ಹುದುಗಿದೆ. ಕೊಳೆಯಲು ಪುರಸೊತ್ತು ಸಿಗದೆ ಸಾವಿರಾರು ವರ್ಷಗಳಿಂದ ಬಿದ್ದಿರುವ ಬೇರು, ಎಲೆ, ಎಲುಬುಗಳು ನೆಲ ಕರಗಿದೊಡನೆ ಸೂಕ್ಷ್ಮಜೀವಿಗಳ ಪಾಲಾಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತವೆ, ನೀರು ನಿಂತ ಕಡೆ ಮೀಥೇನ್ ಆಗುತ್ತವೆ. ಸೈಬೀರಿಯದ ವೆರ್ಖೊಯಾನ್ಸ್ಕ್‌ನಲ್ಲಿ 2020ರ ಜೂನ್ 20ರಂದು ಉಷ್ಣತೆ 38 ಡಿಗ್ರಿ ಮುಟ್ಟಿತು. ಅದು ಗದಗಿನವರು ಏಪ್ರಿಲ್‌ನಲ್ಲಿ ಬೈದುಕೊಳ್ಳುವ ಬಿಸಿಲು.

ಕರಗಿದ ನೆಲ ಬಿಡುವ ಈ ಅನಿಲ ಯಾರ ಲೆಕ್ಕಕ್ಕೆ ಸೇರುತ್ತದೆ ಎಂಬಲ್ಲಿ ನಿಜವಾದ ಚಮತ್ಕಾರವಿದೆ. ದೇಶಗಳು ವಿಶ್ವಸಂಸ್ಥೆಗೆ ಒಪ್ಪಿಸುವ ಪಟ್ಟಿಯಲ್ಲಿ ಮನುಷ್ಯರ ಚಟುವಟಿಕೆಯಿಂದ ಹೊಮ್ಮಿದ್ದು, ಮನುಷ್ಯರು ನಿರ್ವಹಿಸುವ ಭೂಮಿಯಿಂದ ಬಂದದ್ದು ಮಾತ್ರ ದಾಖಲಾಗುತ್ತದೆ. ನಿರ್ಜನ ಟಂಡ್ರಾ, ಅಂದರೆ ಧ್ರುವದಂಚಿನ ಮರಗಳಿಲ್ಲದ ಬಯಲು, ತಾನಾಗಿ ಕರಗಿ ಹೊರಬಿಟ್ಟದ್ದು ಯಾವ ರಾಷ್ಟ್ರದ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮ ಕಡೆಯ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೊಂದರಲ್ಲಿ ಸಾಲದ ಬೋಜಾ ಇರುತ್ತದೆ. ಸೊಸಾಯಿಟಿಯ ಬೆಳೆಸಾಲ ತೀರಿದರೂ ಬೋಜಾ ಕಡಿಮೆ ಮಾಡಿಸಲು ರೈತ ತಲಾಠಿಯ, ಅಂದರೆ ಊರಿನ ಕಂದಾಯ ಲೆಕ್ಕಿಗನ, ಬೆನ್ನು ಹತ್ತಬೇಕು. ಟಂಡ್ರಾದ ಉತಾರದಲ್ಲಿ ಹನ್ನೊಂದನೇ ಕಾಲಂ ತುಂಬಿ ತುಳುಕುತ್ತಿದೆ, ಒಂಬತ್ತನೆಯದು ಖಾಲಿ. ಕಾಳ್ಗಿಚ್ಚಿನ ಹೊಗೆಯನ್ನೂ ಸೇರಿಸಿದರೆ ಆರ್ಕ್ಟಿಕ್ ಟಂಡ್ರಾ ಇಂಗಾಲವನ್ನು ಹೀರುವುದಕ್ಕಿಂತ ಹೆಚ್ಚಾಗಿ ಬಿಡುತ್ತಿದೆ ಎಂದು ಅಮೆರಿಕದ ಸರಕಾರಿ ಸಂಸ್ಥೆ ನೋವಾ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಮೇಲೂ ಆ ಖಾಲಿ ಕಾಲಂಗೆ ಯಾರ ಹೆಸರೂ ಏರಿಲ್ಲ.

ಈ ವಿಷಯವಾಗಿ ಧಾರವಾಡದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತೆಂದು ಭಾವಿಸಿ. ಹೇಗೂ ನಡೆಯದೆ ಇರುವುದಿಲ್ಲ. ಸಭಾಂಗಣದ ಎಸಿ ಹದಿನೆಂಟಕ್ಕೆ ನಿಂತಿರುವುದರಿಂದ, ಸನ್ಮಾನಕ್ಕೆ ಹೊದಿಸಿದ ಶಾಲನ್ನು ಗಣ್ಯರು ಕೊರಳವರೆಗೂ ಎಳೆದುಕೊಂಡು ಭೂತಾಪದ ಕುರಿತು ಮಾತನಾಡುತ್ತಾರೆ. ಹೊರಗೆ ಅವರವರ ಚಾಲಕರು ಸಾಹೇಬರು ಬರುವಷ್ಟರಲ್ಲಿ ಕಾರು ತಣ್ಣಗಿರಲೆಂದು ಎಂಜಿನ್ ಚಾಲೂ ಇಟ್ಟಿರುತ್ತಾರೆ. ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಿಂದ ನವಲಗುಂದ ಕಡೆಯ ರೈತರೊಬ್ಬರು ಎದ್ದು, "ಸಾಹೇಬ್ರ, ಆ ಹೊಗಿ ಯಾರ ಹೆಸರಿನ್ಯಾಗ ಐತ್ರಿ?" ಎಂದು ಕೇಳುತ್ತಾರೆ. ಅಧ್ಯಕ್ಷರು ಪ್ರಶ್ನೆಯನ್ನು ಮನಸಾರೆ ಮೆಚ್ಚಿ, ಊಟದ ನಂತರದ ಗೋಷ್ಠಿಯಲ್ಲಿ ಇದಕ್ಕೆ ಸವಿಸ್ತಾರವಾದ ಉತ್ತರ ಸಿಗುವುದೆಂದು ಭರವಸೆ ಕೊಡುತ್ತಾರೆ. ಆಮಂತ್ರಣ ಪತ್ರಿಕೆಯ ಪ್ರಕಾರ ಊಟದ ನಂತರ ಇರುವುದು ವಂದನಾರ್ಪಣೆ ಮಾತ್ರ.